ಬೀರುವಿನ ಬದಲಿಗೆ ಕಂಪ್ಯೂಟರ್

ಮಡಕಶಿರಾ
೨೭ ಜೂನ್ ೨೦೨೫, ಶುಕ್ರವಾರ

ನನ್ನ ಕಟಿಂಗ್ ಮಾಸ್ಟರ್ ಓಬುಲೇಶ್ ಅವರಿಗೆ,

ಮದುವೆಯಾಗಿ ಎರಡು ತಿಂಗಳೂ ತುಂಬಿಲ್ಲ, ಆಗಲೇ ನಿಮಗೆ ಕಾಗದ ಬರೆಯುವ ಗತಿ ಬಂದಿದೆ. ಗತಿ ಎಂದೆನೇ? ಅದೃಷ್ಟ ಎನ್ನಬೇಕಿತ್ತು. ನಾನು ಇದುವರೆಗೆ ಬರೆದ ಪತ್ರಗಳೆಂದರೆ ಇಂಗ್ಲಿಷ್ ಪರೀಕ್ಷೆಯಲ್ಲಿ ಪ್ರಿನ್ಸಿಪಾಲರಿಗೆ ಬರೆದ ರಜಾ ಅರ್ಜಿಗಳು ಮಾತ್ರ. ಗಂಡನಿಗೆ ಹೇಗೆ ಬರೆಯಬೇಕೆಂದು ಯಾರೂ ಕಲಿಸಿಲ್ಲ. ಮನಸ್ಸಿಗೆ ಬಂದದ್ದನ್ನೆಲ್ಲ ಬರೆಯುತ್ತೇನೆ, ಸಹಿಸಿಕೊಳ್ಳಿ.

ಆಷಾಢದಲ್ಲಿ ಹೊಸ ಸೊಸೆ ತವರಿಗೆ ಹೋಗಬೇಕು, ಗಂಡನ ಮುಖ ನೋಡಬಾರದು ಎಂಬುದು ನಮ್ಮ ಕಡೆಯೂ ಇದೆ. ಫೋನೂ ಕೂಡದು ಎಂಬುದು ಮಾತ್ರ ನಿಮ್ಮ ಅಜ್ಜಿಯದೇ ಕಾನೂನು. ಹೊರಡುವ ದಿನ ನಾನು ವಿಡಿಯೋ ಕಾಲ್ ಎಂದು ಬಾಯಿ ಬಿಟ್ಟಿದ್ದೇ ತಪ್ಪಾಯಿತು. ಹಂಪಕ್ಕಜ್ಜಿ ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಿ, "ಆ ಫೋನಿನ್ಯಾಗ ಬರೋದು ಮುಖ ಅಲ್ಲೇನು? ಮುಖ ಅಂದಮ್ಯಾಲ ಮುಖಾನೇ" ಎಂದರು. ಬರೀ ಮಾತಾಡಿದರೆ ಸರಿಯಾ ಎಂದು ಕೇಳಿದೆ. ಇವತ್ತು ಮಾತು, ನಾಳೆ ಮುಖ ಎಂದು ಮುಗಿಸಿಬಿಟ್ಟರು. ನೀವು ಅವರ ಕೈಮೇಲೆ ಕೈಯಿಟ್ಟು, ಶ್ರಾವಣ ಹುಟ್ಟುವವರೆಗೆ ಫೋನ್ ಇಲ್ಲ, ಮೆಸೇಜೂ ಇಲ್ಲ ಎಂದು ಮಾತು ಕೊಟ್ಟಿರಿ. ನಿಮ್ಮನ್ನು ಎತ್ತಿ ಆಡಿಸಿ ಬೆಳೆಸಿದವರು, ಬೇರೇನು ಮಾಡುತ್ತೀರಿ. ಆದರೆ ಕಾಗದದ ಬಗ್ಗೆ ಅವರು ಏನೂ ಹೇಳಲಿಲ್ಲ ಎಂಬುದನ್ನು ನಾನು ಬಸ್ಸು ಹತ್ತುವಾಗಲೇ ಗಮನಿಸಿದ್ದೆ. ರಾಯದುರ್ಗದಲ್ಲಿ ಕಟ್ ಮಾಡಿದ ಜೀನ್ಸ್ ಬಟ್ಟೆಯ ಗಂಟುಗಳನ್ನು ನಮ್ಮ ಕಡೆಯ ಹೊಲಿಗೆಯವರ ಮನೆಗಳಿಗೆ ಇಳಿಸುವ ಯರ್ರಪ್ಪನ ಟೆಂಪೋ ಪ್ರತಿ ಮಂಗಳವಾರ, ಶುಕ್ರವಾರ ಇಲ್ಲಿಗೆ ಬರುತ್ತದೆ. ಕಾಗದ ಅವರ ಕೈಗೇ ಕೊಡುತ್ತೇನೆ. ನೀವೂ ಹಾಗೇ ಮಾಡಿ.

ಇಲ್ಲಿ ಗಾಳಿ ಎಂದರೆ ಗಾಳಿ. ತಂತಿಯ ಮೇಲಿನ ಸೀರೆ ಪಕ್ಕದ ಮನೆಯ ಸೂರಿನ ಮೇಲಿರುತ್ತದೆ. ಅಮ್ಮ ನನ್ನನ್ನು ಒಂದು ಕೆಲಸವನ್ನೂ ಮುಟ್ಟಲು ಬಿಡುತ್ತಿಲ್ಲ. ತಿನ್ನುವುದು, ಮಲಗುವುದು, ಬಂದವರಿಗೆಲ್ಲ ಮದುವೆ ಆಲ್ಬಮ್ ತೋರಿಸುವುದು. ಸುಖದಲ್ಲೂ ಎಷ್ಟು ಆಯಾಸ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಈಗ ನಮ್ಮ ಕಂಪ್ಯೂಟರ್ ವಿಷಯ. ನಿಮ್ಮ ಯೂನಿಟ್ಟಿನ ಸಣ್ಣತಿಮ್ಮಪ್ಪನವರು ಶ್ರಾವಣದಿಂದ ಕಟಿಂಗ್ ಪ್ಲಾನ್ ಕಂಪ್ಯೂಟರಿನಲ್ಲೇ ಬೇಕು, ರಟ್ಟಿನ ಅಚ್ಚುಗಳನ್ನು ಬಟ್ಟೆಯ ಮೇಲಿಟ್ಟು ಚಾಕಿನಿಂದ ಗೀರುವುದು ಇನ್ನು ಸಾಕು ಎಂದಿದ್ದಾರಲ್ಲ, ಅದನ್ನು ನಾವೇ ಮಾಡಿ ಕೊಡೋಣ. ಕಾಲು, ಜೇಬು, ಸೊಂಟಪಟ್ಟಿ ಯಾವುದು ಎಲ್ಲಿ ಕೂತರೆ ಬಟ್ಟೆ ಕಡಿಮೆ ಹಾಳಾಗುತ್ತದೆ ಎಂದು ನೀವು ಹೇಳುವುದು, ನಾನು ಪರದೆಯ ಮೇಲೆ ಕೂರಿಸುವುದು. ಬಿಎಸ್ಸಿ ಕಂಪ್ಯೂಟರ್ಸ್ ಓದಿದ್ದು ಇನ್ಯಾತಕ್ಕೆ? ಇದಾಗದಿದ್ದರೆ ನೀವು ಬಳ್ಳಾರಿಯ ಯೂನಿಟ್ಟಿಗೆ ಹೋಗಿ, ಅಲ್ಲೇ ಇದ್ದು, ಭಾನುವಾರ ಮಾತ್ರ ಮನೆಗೆ ಬರಬೇಕಾಗುತ್ತದೆ ಎಂದಿರಿ. ಆರು ದಿನ ಆಷಾಢ, ಒಂದು ದಿನ ಶ್ರಾವಣ, ಅಂಥ ಸಂಸಾರ ನನಗೆ ಬೇಡ.

ಅಪ್ಪ ಮದುವೆಗೆ ಬೀರು ಕೊಡಿಸುತ್ತೇನೆ ಎಂದಿದ್ದರಲ್ಲ, ನನಗೆ ಬೀರು ಬೇಡ, ಕಂಪ್ಯೂಟರಿನ ಬಿಡಿಭಾಗ ಕೊಡಿಸಿ ಎಂದೆ. ಅಮ್ಮ, "ಬೀರಾದ್ರೆ ಮೂವತ್ತು ವರ್ಸ ಇರ್ತೈತೆ ಕಣಮ್ಮಿ, ನಿನ್ ಡಬ್ಬಿ ಎಷ್ಟ್ ದಿನ ಇರ್ತೈತೆ" ಎಂದು ಅಂಗಳದಲ್ಲೆಲ್ಲ ಕೇಳುವಂತೆ ಬೈದಳು. ಆದರೂ ಅಪ್ಪ ಒಪ್ಪಿದರು. ಸಿದ್ಧ ಕಂಪ್ಯೂಟರ್ ಕೊಂಡರೆ ಒಳಗೆ ಏನು ತುಂಬಿದ್ದಾರೋ ಯಾರಿಗೆ ಗೊತ್ತು. ನಾವೇ ಆರಿಸಿ ಜೋಡಿಸಿದರೆ ನಾಳೆ ಒಂದು ಭಾಗ ಸಾಲದಾದರೆ ಅದನ್ನಷ್ಟೇ ಬದಲಾಯಿಸಬಹುದು. ಯಾವುದಕ್ಕೆ ಯಾವುದು ಹೊಂದುತ್ತದೆ ಎಂದು ನೋಡಿಕೊಂಡರೆ ಸಾಕು. ಇಲ್ಲಿನ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುವ ನನ್ನ ಗೆಳತಿ ಸಂಧ್ಯಾ ಜೊತೆಗಿರುತ್ತಾಳೆ.

ನಿಮಗೆ ಇದು ಇಷ್ಟವೇ, ಬರೆಯಿರಿ. ಉದ್ದಕ್ಕೆ ಬರೆಯಿರಿ.

ನಿಮ್ಮ, ನಿಮ್ಮದೇ,
ಮೌನಿಕಾ

*

ರಾಯದುರ್ಗ
೨೯ ಜೂನ್ ೨೦೨೫, ಭಾನುವಾರ

ಮೌನಿಕಾಗೆ,

ನಾವು ಚೆನ್ನಾಗಿದ್ದೇವೆ. ಅಜ್ಜಿಗೆ ಸ್ವಲ್ಪ ಕೆಮ್ಮು. ನಿನ್ನ ಕಾಗದ ಬಂತು.

ಕಂಪ್ಯೂಟರ್ ವಿಷಯ ನಿನಗೆ ಸರಿ ಕಂಡಂತೆ ಮಾಡು. ಹೊಂದಬೇಕು ಎಂದು ಬರೆದಿದ್ದೀಯ, ಅದು ನನಗೆ ತಿಳಿಯುತ್ತದೆ. ಒಂದೇ ಪ್ಯಾಂಟಿಗೆ ಬೇರೆ ಬೇರೆ ಸಲ ಬಂದ ಎರಡು ಲಾಟಿನ ಬಟ್ಟೆ ಹಾಕುವುದಿಲ್ಲ. ಕಣ್ಣಿಗೆ ಎರಡೂ ಒಂದೇ ನೀಲಿ. ತೊಳೆದ ಮೇಲೆ ಒಂದು ಕುಗ್ಗುತ್ತದೆ, ಒಂದು ಹಾಗೇ ಇರುತ್ತದೆ, ಕಾಲು ತಿರುಚಿಕೊಳ್ಳುತ್ತದೆ. ಕೊಳ್ಳುವ ಮೊದಲು ನೋಡಿಕೋ.

ಈ ವಾರ ಕೆಲಸ ಹೆಚ್ಚು. ಉದ್ದಕ್ಕೆ ಬರೆಯಲು ನನಗೆ ಬರುವುದಿಲ್ಲ.

ಓಬುಲೇಶ್

*

ಮಡಕಶಿರಾ
೧ ಜುಲೈ ೨೦೨೫, ಮಂಗಳವಾರ

ನನ್ನ ಮಾಸ್ಟರಿಗೆ,

ಉದ್ದಕ್ಕೆ ಬರೆಯಲು ಬರುವುದಿಲ್ಲ ಎಂದು ಬರೆದವರು ಎಷ್ಟು ಚೆನ್ನಾಗಿ ಬರೆದಿದ್ದೀರಿ. ಎರಡು ಲಾಟಿನ ಬಟ್ಟೆಯ ಮಾತನ್ನು ಸಂಧ್ಯಾಗೆ ಓದಿ ಹೇಳಿದೆ. ಅವಳು ಇದನ್ನು ನಾಳೆ ಕ್ಲಾಸಿನಲ್ಲಿ ಹೇಳುತ್ತೇನೆ ಎಂದಳು. ನನಗೋ ಅದರಲ್ಲಿ ಬೇರೇನೋ ಕಂಡಿತು. ನಾವಿಬ್ಬರೂ ಒಂದೇ ಲಾಟು ಎಂದು ನೀವು ಹೇಳುತ್ತಿದ್ದೀರಿ, ಅಲ್ಲವೇ? ಬಾಯಿಬಿಟ್ಟು ಹೇಳುವ ಜಾತಿಯಲ್ಲ ನೀವು. ನಾನೇ ಅರ್ಥ ಮಾಡಿಕೊಂಡಿದ್ದೇನೆ.

ಮೊದಲು ಕೆಲಸದ ಮಾತು ಮುಗಿಸುತ್ತೇನೆ. ಕ್ಯಾಬಿನೆಟ್ಟು, ಕರೆಂಟು ಹಂಚುವ ಎಸ್‌ಎಂಪಿಎಸ್ ಡಬ್ಬಿ, ಡೇಟಾ ಇಡುವ ಎಸ್‌ಎಸ್‌ಡಿ, ಮಾನಿಟರ್ ಇವನ್ನು ಅಪ್ಪನ ಜೊತೆ ಹಿಂದೂಪುರಕ್ಕೆ ಹೋಗಿ ನಾನು ತರುತ್ತೇನೆ. ಮದರ್‌ಬೋರ್ಡು, ಪ್ರೊಸೆಸರ್, ರ‍್ಯಾಮ್ ಅಲ್ಲಿ ತರಿಸಬೇಕೆಂದರೆ ತಿಂಗಳಾಗುತ್ತದಂತೆ, ಅವನ್ನು ಬಳ್ಳಾರಿಯ ಅಂಗಡಿಯಿಂದ ನೀವು ತರಿಸಿ. ಮಾಡೆಲ್ ಹೆಸರುಗಳನ್ನು ಬೇರೆ ಚೀಟಿಯಲ್ಲಿ ಬರೆದಿದ್ದೇನೆ, ಅದನ್ನೇ ಅಂಗಡಿಯವರಿಗೆ ತೋರಿಸಿ. ಪ್ರೊಸೆಸರಿನ ಅಡಿಯ ಚುಕ್ಕಿಗಳು ಬೋರ್ಡಿನ ಕುಳಿಗೆ ಹೊಂದಬೇಕು. ಬೋರ್ಡು ಡಿಡಿಆರ್ ಐದು ಎಂಬ ಹೊಸ ಬಗೆಯದನ್ನು ಕೇಳುತ್ತದೆ, ಆದ್ದರಿಂದ ರ‍್ಯಾಮ್ ಸಹ ಡಿಡಿಆರ್ ಐದೇ ಇರಬೇಕು. ನಾಲ್ಕು ತಂದರೆ ಒತ್ತಿದರೂ ಕೂರುವುದಿಲ್ಲ, ಕಚ್ಚು ಬೇರೆ ಜಾಗದಲ್ಲಿರುತ್ತದೆ.

ಪ್ರೊಸೆಸರಿನಲ್ಲಿ ಎರಡು ಬಗೆ ಇವೆ. ಒಂದಕ್ಕೆ ಪರದೆಯ ಮೇಲೆ ಚಿತ್ರ ಮೂಡಿಸುವ ಶಕ್ತಿ ತನ್ನೊಳಗೇ ಇರುತ್ತದೆ. ಇನ್ನೊಂದಕ್ಕೆ ಇರುವುದಿಲ್ಲ, ಅದರ ಹೆಸರಿನ ಕೊನೆಗೆ ಎಫ್ ಇರುತ್ತದೆ. ನಾನು ಚಿತ್ರಕ್ಕಾಗಿಯೇ ಬೇರೆ ಗ್ರಾಫಿಕ್ಸ್ ಕಾರ್ಡ್ ತೆಗೆದುಕೊಳ್ಳುತ್ತಿರುವುದರಿಂದ ಎಫ್ ಇರುವುದನ್ನೇ ತನ್ನಿ, ಇನ್ನೊಂದು ದಂಡ.

ಅಜ್ಜಿಗೆ ಕೆಮ್ಮು ಎಂದಿರಿ. ಕಷಾಯಕ್ಕೆ ಮೆಣಸು ಜಾಸ್ತಿ ಹಾಕಲು ಹೇಳಿ. ನೀವು ಮಧ್ಯಾಹ್ನ ಊಟಕ್ಕೆ ಮನೆಗೆ ಬರುವಾಗ ನಾನು ಬಾಗಿಲಲ್ಲಿ ನಿಲ್ಲುತ್ತಿದ್ದೆನಲ್ಲ, ಈಗ ಯಾರು ನಿಲ್ಲುತ್ತಾರೆ? ನಿಮ್ಮ ಅಂಗಿಯಿಂದ ಉದುರುವ ನೀಲಿ ನೂಲಿನ ಧೂಳನ್ನು ಯಾರು ಗುಡಿಸುತ್ತಾರೆ? ಅಜ್ಜಿಗೆ ಬಗ್ಗಲು ಬಿಡಬೇಡಿ.

ನಿಮ್ಮ,
ಮೌನಿಕಾ

*

ರಾಯದುರ್ಗ
೬ ಜುಲೈ ೨೦೨೫, ಭಾನುವಾರ

ಮೌನಿಕಾಗೆ,

ಚೀಟಿ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಬಳ್ಳಾರಿಯ ಅಂಗಡಿ ತಿಳಿದಿದೆ. ಈ ವಾರವೇ ಕೊಳ್ಳುತ್ತೇನೆ, ಎಫ್ ಇರುವುದನ್ನೇ. ಯರ್ರಪ್ಪನ ಕೈಯಲ್ಲಿ ಕಳಿಸುತ್ತೇನೆ.

ಅಜ್ಜಿಯ ಕೆಮ್ಮು ವಾಸಿ. ಗುಡಿಸಲು ಪಕ್ಕದ ಮನೆಯ ತಿಪ್ಪಮ್ಮ ಬರುತ್ತಾಳೆ.

ಬೇರೇನೂ ಇಲ್ಲ. ಕೈ ನೋವು. ಡೆನಿಮ್ ದಪ್ಪ, ಮೆಷಿನ್ ಅಲುಗುತ್ತದೆ.

ಓಬುಲೇಶ್

*

ಮಡಕಶಿರಾ
೮ ಜುಲೈ ೨೦೨೫, ಮಂಗಳವಾರ

ಮಾಸ್ಟರಿಗೆ,

ನಿಮ್ಮ ಕಾಗದದಲ್ಲಿ ಎಷ್ಟು ಸಾಲುಗಳಿವೆ ಎಂದು ಅಮ್ಮ ಕೇಳಿದಳು. ನಾನು ಹೇಳಲಿಲ್ಲ. ಆದರೂ ವಾರವೆಲ್ಲ ದುಡಿದು, ರಜೆಯ ದಿನ ನೋಯುವ ಕೈಯಲ್ಲಿ ಪೆನ್ನು ಹಿಡಿದಿರಲ್ಲ, ನನಗೆ ಅದೇ ದೊಡ್ಡದು. ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೊಳ್ಳಿ. ಎಡಗೈಯಲ್ಲಿ ಹಚ್ಚಿಕೊಳ್ಳಲು ಆಗದಿದ್ದರೆ ತಿಪ್ಪಮ್ಮನನ್ನು ಕೇಳಬೇಡಿ. ತಮಾಷೆಗೆ ಬರೆದೆ.

ಭಾನುವಾರ ಗುಡಿಬಂಡೆಗೆ ಹೋಗಿದ್ದೆವು, ಅಮ್ಮನ ತವರು. ಆಟೋದಲ್ಲಿ ನಮ್ಮ ಜೊತೆ ಎರಡು ಮೂಟೆ ಹೂಕೋಸು, ಒಬ್ಬ ಲೈನ್‌ಮನ್, ಒಂದು ಮೇಕೆ. ಅಲ್ಲಿ ಚೌಡಕ್ಕ ದೊಡ್ಡಮ್ಮ ನನ್ನನ್ನು ಎದುರಿಗೆ ಕೂರಿಸಿಕೊಂಡು, ಗಂಡ ಹೆಂಗೆ, ಬಯ್ತಾನಾ, ಕುಡೀತಾನಾ ಎಂದು ಒಂದೊಂದಾಗಿ ವಿಚಾರಿಸಿದರು. ಇಲ್ಲ, ಇಲ್ಲ ಎಂದೆ. "ಮತ್ತೆ ಏನ್ ಮಾಡ್ತಾನೆ?" ಎಂದರು. ಸುಮ್ಮನಿರುತ್ತಾರೆ ಎಂದೆ. ದೊಡ್ಡಮ್ಮ, "ಸುಮ್ಕಿರೋರ್ನ ಹುಷಾರಾಗ್ ನೋಡ್ಕಬೇಕು ಕಣವ್ವ, ನೋವಾದ್ರೂ ಹೇಳಲ್ಲ" ಎಂದರು. ನನಗೆ ಆ ಮಾತು ಹಿಡಿಸಲಿಲ್ಲ. ಬರುವ ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತಿದ್ದೆ.

ಸೋಮವಾರ ಹಿಂದೂಪುರ. ಕ್ಯಾಬಿನೆಟ್ ಆರಿಸಲು ಅಪ್ಪನಿಗೆ ಒಂದೇ ಪ್ರಶ್ನೆ, ತಗಡು ದಪ್ಪ ಇದೆಯಾ? ಬೀರು ನೋಡುವವರ ಹಾಗೆ ಎಲ್ಲವನ್ನೂ ಬೆರಳಿನಿಂದ ತಟ್ಟಿ ನೋಡಿದರು. ರಾಯದುರ್ಗದ ನಮ್ಮ ರೂಮಿನ ಕಿಟಕಿಯ ಪಕ್ಕದ ಗೂಡು ನನಗೆ ಕಣ್ಣಿಗೆ ಕಟ್ಟಿದಂತಿದೆ, ಅದರೊಳಗೆ ಕೂರಬೇಕಲ್ಲ, ಅದಕ್ಕೇ ಚಿಕ್ಕ ಕ್ಯಾಬಿನೆಟ್ ತಂದೆ. ಕಪ್ಪು ಬಣ್ಣ. ಅಲ್ಲಿ ಕೂತು ನೀವು "ಆ ಜೇಬು ಈ ಕಡಿ ತಿರುಗ್ಸು" ಎನ್ನುವುದು, ನಾನು ತಿರುಗಿಸುವುದು, ಅಜ್ಜಿ ಹಿಂದೆ ನಿಂತು ಏನು ನಡೆಯುತ್ತಿದೆ ಇಲ್ಲಿ ಎಂದು ಕೇಳುವುದು. ಎಲ್ಲವನ್ನೂ ಎಷ್ಟು ಸಲ ಯೋಚಿಸಿದ್ದೇನೆ ಎಂದರೆ ಅದು ಆಗಲೇ ನಡೆದುಹೋದ ಹಾಗಿದೆ.

ಮೂರನೆಯ ಹಾಳೆಗೆ ಬಂದೆ. ಬರೆಯುತ್ತಾ ಕೂತರೆ ನನಗೆ ನಿಲ್ಲಿಸಲು ಬರುವುದಿಲ್ಲ. ಇನ್ನೊಂದು ಮಾತು, ಗ್ರಾಫಿಕ್ಸ್ ಕಾರ್ಡ್ ಕೈಬಿಟ್ಟೆ. ಚಿಕ್ಕ ಕ್ಯಾಬಿನೆಟ್ಟಿನಲ್ಲಿ ಅದಕ್ಕೆ ಜಾಗ ಇಕ್ಕಟ್ಟು, ಎಸ್‌ಎಂಪಿಎಸ್ ಸಹ ಚಿಕ್ಕದು. ಪ್ಯಾಂಟಿನ ಅಚ್ಚು ಕೂರಿಸಲು ಅಷ್ಟು ದೊಡ್ಡ ಕಾರ್ಡ್ ಯಾಕೆ ಎಂದು ಸಂಧ್ಯಾಳೂ ಹೇಳಿದಳು. ಆದ್ದರಿಂದ ಪ್ರೊಸೆಸರ್ ಎಫ್ ಇಲ್ಲದ್ದನ್ನು ತನ್ನಿ, ಚಿತ್ರ ತನ್ನೊಳಗೇ ಇರುವುದು. ಮಿಕ್ಕದ್ದೆಲ್ಲ ಚೀಟಿಯಲ್ಲಿರುವಂತೆಯೇ.

ನಿನ್ನೆ ನನಗೆ ಒಂದು ಕನಸು ಬಿತ್ತು. ನೀವು ನಮ್ಮ ಬಾಗಿಲಿಗೆ ಬಂದಿದ್ದೀರಿ, ಆಷಾಢ ಮುಗಿದಿಲ್ಲ ಎಂದು ನಾನು ಕಣ್ಣು ಮುಚ್ಚಿಕೊಂಡಿದ್ದೇನೆ. ಕಣ್ಣು ತೆರೆಯುವ ಹೊತ್ತಿಗೆ ನೀವು ಹೋಗಿದ್ದಿರಿ. ಎದ್ದ ಮೇಲೂ ಬೇಜಾರು ಹೋಗಲಿಲ್ಲ.

ಒಂದು ಸಲ ಉದ್ದದ ಕಾಗದ ಬರೆಯಿರಿ. ಬೈದಾದರೂ ಬರೆಯಿರಿ.

ನಿಮ್ಮ,
ಮೌನಿಕಾ

*

ರಾಯದುರ್ಗ
೧೩ ಜುಲೈ ೨೦೨೫, ಭಾನುವಾರ

ಮೌನಿಕಾಗೆ,

ಬೋರ್ಡು, ಪ್ರೊಸೆಸರ್, ರ‍್ಯಾಮ್ ಕಳಿಸಿದ್ದೇನೆ. ಗಂಟಿನ ಮಧ್ಯೆ ಇಟ್ಟು ತರಲು ಯರ್ರಪ್ಪನಿಗೆ ಹೇಳಿದ್ದೇನೆ, ಪೆಟ್ಟಾಗುವುದಿಲ್ಲ. ಡಬ್ಬಿ ಒಡೆದ ಮೇಲೆ ವಾಪಸ್ ಇಲ್ಲ ಎಂದು ಅಂಗಡಿಯವನು ಹೇಳಿದ. ನೀನು ಹೇಳಿದಂತೆಯೇ ತಂದಿದ್ದೇನೆ.

ಎಲ್ಲರೂ ಚೆನ್ನಾಗಿದ್ದೇವೆ.

ಓಬುಲೇಶ್

*

ಮಡಕಶಿರಾ
೧೭ ಜುಲೈ ೨೦೨೫, ಗುರುವಾರ

ಓಬುಲೇಶ್ ಅವರಿಗೆ,

ಕಂಪ್ಯೂಟರ್ ಜೋಡಿಸಿದೆವು. ಚಿತ್ರ ಬರುತ್ತಿಲ್ಲ.

ಬುಧವಾರ ಸೆಂಟರಿಗೆ ರಜೆ ಇತ್ತು. ಸಂಧ್ಯಾ ಬೆಂಚುಗಳನ್ನು ಕೂಡಿಸಿ ಮೇಲೆ ಹತ್ತಿಯ ಪಂಚೆ ಹಾಸಿದಳು. ಅಪ್ಪ, ಅಮ್ಮ ಇಬ್ಬರೂ ನೋಡಲು ಬಂದರು. ಬೋರ್ಡನ್ನು ಕ್ಯಾಬಿನೆಟ್ಟಿಗೆ ಹಿಡಿದರೆ ತೂತಿಗೆ ತೂತು ಸರಿಯಾಗಿ ಕೂತಿತು. ಪ್ರೊಸೆಸರನ್ನು ಕುಳಿಯಲ್ಲಿಟ್ಟು ಸಣ್ಣ ಸರಳನ್ನು ಒತ್ತುವಾಗ ಕರಕರ ಎಂದು ಸದ್ದಾಗುತ್ತದೆ, ಮುರಿದೇ ಹೋಯಿತು ಎನಿಸಿತು. ಹಾಗೇ ಆಗುವುದಂತೆ. ಮೇಲೆ ಬಿಸಿ ಹೀರುವ ಪೇಸ್ಟ್ ಹಚ್ಚಿ ಫ್ಯಾನ್ ಬಿಗಿದೆವು. ರ‍್ಯಾಮ್ ಟಕ್ ಎಂದು ಕೂತಿತು. ಸ್ವಿಚ್ಚಿನ ಕೂದಲಿನಂಥ ವೈರುಗಳನ್ನು ಸಿಕ್ಕಿಸುವುದಕ್ಕೇ ಬಹಳ ಹೊತ್ತು ಹಿಡಿಯಿತು. ಕೊನೆಗೆ ಅಪ್ಪನ ಕೈಯಲ್ಲೇ ಸ್ವಿಚ್ ಒತ್ತಿಸಿದೆ.

ಫ್ಯಾನ್ ತಿರುಗಿತು, ದೀಪ ಹತ್ತಿತು. ಅಮ್ಮ ಕೈಮುಗಿದಳು. ಮಾನಿಟರ್ ಮಾತ್ರ ಕಪ್ಪಾಗಿಯೇ ಇತ್ತು.

ಕೇಬಲ್ ಬದಲಾಯಿಸಿದೆವು. ಸೆಂಟರಿನ ಬೇರೆ ಮಾನಿಟರ್ ಹಾಕಿದೆವು. ರ‍್ಯಾಮ್ ತೆಗೆದು ಇನ್ನೊಂದು ಕಡೆ ಕೂರಿಸಿದೆವು. ಮತ್ತೆ ಮೊದಲಿನ ಕಡೆಗೇ ಹಾಕಿದೆವು. ಎಲ್ಲವನ್ನೂ ಬಿಚ್ಚಿ ಮೊದಲಿಂದ ಜೋಡಿಸಿದೆವು. ಅಪ್ಪ ಮನೆಗೆ ಹೋದರು. ಬೋರ್ಡಿನ ಮೂಲೆಯಲ್ಲಿ ಯಾವ ಭಾಗ ಕೈಕೊಟ್ಟಿದೆ ಎಂದು ತೋರಿಸುವ ಪುಟ್ಟ ದೀಪಗಳಿವೆ. ಅದರಲ್ಲಿ ಚಿತ್ರದ್ದೊಂದು ಆರದೆ ಉರಿಯುತ್ತಿತ್ತು. ಆಗ ಸಂಧ್ಯಾ ಪ್ರೊಸೆಸರಿನ ಖಾಲಿ ಡಬ್ಬಿಯನ್ನು ತೆಗೆದು ಓದಿದಳು. ನನ್ನ ಕಡೆಗೆ ತಿರುಗಿಸಿದಳು. ಎಫ್ ಇರುವುದು.

"ಎಫ್ ಇಲ್ಲದ್ದು ಅಂತ ನೀನು ಬರೀಲಿಲ್ವೇನೇ ಮೌನಿ?" ಎಂದಳು.

ಬರೆದಿದ್ದೆ. ಎಂಟನೇ ತಾರೀಖಿನ ಕಾಗದದಲ್ಲಿ. ನಿಮ್ಮ ಮರುಕಾಗದದಲ್ಲಿ ನೀವು, ನೀನು ಹೇಳಿದಂತೆಯೇ ತಂದಿದ್ದೇನೆ ಎಂದಿದ್ದೀರಿ.

ಇದನ್ನು ನಾನು ದೊಡ್ಡದು ಮಾಡುತ್ತಿರಲಿಲ್ಲ. ಆದರೆ ಅದರ ಹಿಂದಿನ ದಿನ, ಮಂಗಳವಾರ, ಯರ್ರಪ್ಪ ಗಂಟು ಇಳಿಸುವಾಗ ನಾನು ಮುಂದಿನ ಕಾಗದ ಶುಕ್ರವಾರ ಕೊಡುತ್ತೇನೆ, ಮಾಸ್ಟರಿಗೆ ಬೇಗ ತಲುಪಿಸಿ ಎಂದೆ. ಅವರು, "ಶನಿವಾರ ಬಟ್ಟಿ ತರಾಕ ಬಳ್ಳಾರಿಗೆ ಹೊಕ್ಕೀನ್ರೀ ಅಮ್ಮಾರ, ಅಲ್ಲೇ ಅವರ ರೂಮಿನ್ಯಾಗ ಕೊಡ್ತೀನಿ. ಈಗೀಗ ಅಲ್ಲೇ ಕೊಡೋದು" ಎಂದರು. ನನ್ನ ಮುಖ ನೋಡಿ ಮಾತು ನಿಲ್ಲಿಸಿದರು. ನಾನು ಹೌದಲ್ಲ, ಮರೆತಿದ್ದೆ ಎಂದೆ.

ನಿಮ್ಮ ಕಾಗದಗಳನ್ನೆಲ್ಲ ಮತ್ತೆ ತೆಗೆದು ನೋಡಿದೆ. ಎಲ್ಲದರ ಮೇಲೂ ಭಾನುವಾರ. ನನಗೆ ಬರೆಯಲಿಕ್ಕೆಂದು ನೀವು ರಜೆಯ ದಿನವನ್ನು ಆರಿಸಿಕೊಂಡಿದ್ದೀರಿ ಎಂದುಕೊಂಡಿದ್ದೆ. ಮನೆಯಲ್ಲಿ ಇರುತ್ತಿದ್ದುದೇ ಆ ದಿನ ಎಂದು ಹೊಳೆಯಲಿಲ್ಲ.

ಫೋನ್ ಕೈಗೆತ್ತಿಕೊಂಡೆ. ಅಜ್ಜಿಗೆ ಕೊಟ್ಟ ಮಾತು ನಿಮ್ಮದು, ನಾನು ಮುರಿಯುವುದು ಸರಿಯಲ್ಲ ಎಂದು ಇಟ್ಟೆ. ನೀವು ಯಾವಾಗಿನಿಂದ ಬಳ್ಳಾರಿಯಲ್ಲಿದ್ದೀರಿ? ಅಷ್ಟು ಬರೆಯಿರಿ ಸಾಕು.

ಮೌನಿಕಾ

*

ರಾಯದುರ್ಗ
೨೦ ಜುಲೈ ೨೦೨೫, ಭಾನುವಾರ

ಮೌನಿಕಾ,

ನೀನು ಊರಿಗೆ ಹೋದ ಮಾರನೆಯ ದಿನ ಸಣ್ಣತಿಮ್ಮಪ್ಪ ನನ್ನನ್ನು ಒಳಗೆ ಕರೆದ. ಅನಂತಪುರದಿಂದ ಕಂಪ್ಯೂಟರ್ ಗೊತ್ತಿರುವವನೊಬ್ಬನನ್ನು ಕರೆಸಿದ್ದೇನೆ, ಶ್ರಾವಣದವರೆಗೆ ಕಾಯಲು ಆಗುವುದಿಲ್ಲ, ಆರ್ಡರ್ ಬಂದಿದೆ ಎಂದ. ಮನೆಯವಳು ಮಾಡಿಕೊಡುತ್ತಾಳೆ ಎಂದು ನಾನು ಹೇಳಿದೆ. ನಕ್ಕ. "ಸಂಸಾರ ಬ್ಯಾರೆ, ಯೂನಿಟ್ ಬ್ಯಾರೆ ಓಬುಲೇಶಾ" ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೂ ಮೇಲಿನವರು ಇದ್ದಾರೆ. ಆ ಸೋಮವಾರವೇ ಬಳ್ಳಾರಿಯ ಯೂನಿಟ್ಟಿಗೆ ಸೇರಿದೆ. ಒಂದು ರೂಮಿನಲ್ಲಿ ನಾಲ್ವರು ಕಟಿಂಗಿನವರು ಇದ್ದೇವೆ. ಶನಿವಾರ ಸಂಜೆ ಊರಿಗೆ ಬರುತ್ತೇನೆ, ಸೋಮವಾರ ಮೊದಲ ಬಸ್ಸಿಗೆ ಹೋಗುತ್ತೇನೆ.

ನಿನ್ನ ಮೊದಲ ಕಾಗದ ಬಂದಾಗ ನನಗೆ ಇದೆಲ್ಲ ಗೊತ್ತಿತ್ತು. ಬೀರು ಬೇಡ ಎಂದು ನಿಮ್ಮ ಅಪ್ಪನಿಗೆ ಹೇಳಿದೆ ಎಂದು ಓದಿದಾಗಲೇ, ಕೊಳ್ಳಬೇಡ, ಆ ಕೆಲಸ ಹೋಯಿತು ಎಂದು ಬರೆಯಬೇಕಿತ್ತು. ಪ್ರತಿ ಭಾನುವಾರ ಅದನ್ನು ಬರೆಯಲೆಂದೇ ಕೂತೆ. ನಿನ್ನ ಕಾಗದ ಒಂದು ಸಲ ತೆರೆದು ನೋಡುವುದು, ಅದರಲ್ಲಿ ನೀನು ಅಷ್ಟು ಸಂತೋಷವಾಗಿರುವುದು. ನಾವು ಚೆನ್ನಾಗಿದ್ದೇವೆ ಎಂದು ಬರೆದು ಮುಗಿಸಿಬಿಡುತ್ತಿದ್ದೆ. ನೀನು ಬರುವಷ್ಟರಲ್ಲಿ ಏನಾದರೂ ದಾರಿ ಆಗುತ್ತದೆ ಎಂದುಕೊಂಡೆ. ಏನೂ ಆಗಲಿಲ್ಲ. ಭಾಗಗಳು ಹೊಂದಬೇಕು ಎಂಬುದು ನನಗೆ ತಿಳಿಯುತ್ತದೆ ಎಂದು ದೊಡ್ಡದಾಗಿ ಬರೆದಿದ್ದೆ. ಆ ಕಂಪ್ಯೂಟರಿಗೆ ಕೆಲಸವೇ ಇಲ್ಲ ಎಂಬ ಒಂದು ಮಾತನ್ನು ಮಾತ್ರ ನಿನ್ನಿಂದ ಬಚ್ಚಿಟ್ಟೆ.

ಎಂಟನೇ ತಾರೀಖಿನ ಕಾಗದ ಯರ್ರಪ್ಪ ತಂದುಕೊಟ್ಟಾಗ ಆಗಷ್ಟೇ ಕೆಲಸದಿಂದ ಬಂದಿದ್ದೆ. ಗೋಡೆಗೆ ಒರಗಿ ಓದಲು ತೆಗೆದೆ. ಹೂಕೋಸು, ಮೇಕೆ ಇರುವಲ್ಲಿಯವರೆಗೆ ಓದಿದ ನೆನಪು ಇದೆ. ನಗು ಬಂತು. ಅದಾದ ಮೇಲೆ ನಿದ್ದೆ. ರೂಮಿನಲ್ಲಿರುವ ಜಂಬಯ್ಯ ಎಬ್ಬಿಸಿ, "ಹೇಣ್ತಿ ಕಾಗದ ಎದಿಮ್ಯಾಲ ಇಟ್ಕಂಡು ಮಕ್ಕಂಡೀಯಲ್ಲಪಾ, ಬಾಡಿಗಿ ಹೆಚ್ಚಿಗಿ ಕೊಡು, ನೀವು ಇಬ್ರು ಅದೀರಿ" ಎಂದ. ಎಲ್ಲರೂ ನಕ್ಕರು. ನಾನು ಕಾಗದ ಮಡಚಿ ಟ್ರಂಕಿನಲ್ಲಿಟ್ಟೆ. ಮಿಕ್ಕದ್ದನ್ನು ಮಾರನೆಯ ದಿನ ಓದುತ್ತೇನೆ ಎಂದುಕೊಂಡೆ. ಮಾರನೆಯ ದಿನವೂ ಹಾಗೇ ಆಯಿತು. ಅಂಗಡಿಗೆ ಹೋಗುವಾಗ ನನ್ನ ಜೇಬಿನಲ್ಲಿದ್ದದ್ದು ಹಳೆಯ ಚೀಟಿ.

ನಿನ್ನೆ ಯರ್ರಪ್ಪ ನಿನ್ನ ಹೊಸ ಕಾಗದ ಕೊಟ್ಟ. ಅದನ್ನು ಓದಿ ಆ ಹಳೆಯ ಕಾಗದದ ಮೂರನೆಯ ಹಾಳೆ ತೆಗೆದೆ. ಕನಸನ್ನೂ ಓದಿದೆ. ಅಂಗಡಿಗೆ ಹೋಗಿ ಕೇಳಿದೆ, ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದ.

ನಿಮ್ಮ ಅಪ್ಪನ ಮುಂದೆ ನಾನು ಏನು ಹೇಳಲಿ, ತಿಳಿಯುತ್ತಿಲ್ಲ. ಶ್ರಾವಣಕ್ಕೆ ನೀನು ರಾಯದುರ್ಗಕ್ಕೆ ಬಾ. ಅಜ್ಜಿಯ ಜೊತೆ ಇರು. ನಾನು ಭಾನುವಾರ ಬರುತ್ತಾ ಇರುತ್ತೇನೆ. ನೀನು ಅಂಥ ಸಂಸಾರ ಬೇಡ ಎಂದು ಬರೆದದ್ದು ನೆನಪಿದೆ. ಅದು ಮೊದಲ ಹಾಳೆಯಲ್ಲಿತ್ತು.

ಉದ್ದಕ್ಕೆ ಬರೆ ಎಂದಿದ್ದೆ. ಬರೆದಿದ್ದೇನೆ.

ಓಬುಲೇಶ್

*

ಮಡಕಶಿರಾ
೨೨ ಜುಲೈ ೨೦೨೫, ಮಂಗಳವಾರ

ಓಬುಲೇಶ್ ಅವರಿಗೆ,

ಒಂದೇ ಹಾಳೆ ಬರೆಯುತ್ತೇನೆ. ಯರ್ರಪ್ಪ ಟೆಂಪೋ ನಿಲ್ಲಿಸಿಕೊಂಡು ಕಾಯುತ್ತಿದ್ದಾರೆ. ಅವರು ನಾಳೆಯೂ ಬಳ್ಳಾರಿಗೆ ಹೋಗುತ್ತಾರಂತೆ.

ಸಂಧ್ಯಾ ಸೆಂಟರಿನ ಒಂದು ಕೆಟ್ಟ ಕಂಪ್ಯೂಟರಿನಿಂದ ಹಳೆಯ ಪುಟ್ಟ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿಕೊಟ್ಟಳು. ಚಿಕ್ಕ ಎಸ್‌ಎಂಪಿಎಸ್ ಅದಕ್ಕೆ ಸಾಕಾಗುತ್ತದೆ. ಚಿತ್ರ ಬಂತು. ಅಮ್ಮನಿಗೆ ತೋರಿಸಿದೆ. ಅಪ್ಪನಿಗೆ ಸಣ್ಣತಿಮ್ಮಪ್ಪನ ವಿಷಯ ನಾನೇ ಹೇಳಿದೆ. "ಮಷೀನ್ ಇದ್ರೆ ಕೆಲ್ಸ ಇನ್ನೊಂದ್ ಬತ್ತೈತೆ ಬಿಡು" ಎಂದರು. ನೀವು ಅವರ ಮುಂದೆ ಏನೂ ಹೇಳಬೇಕಾಗಿಲ್ಲ.

ನನಗೆ ಸಿಟ್ಟು ಬಂದದ್ದು ನೀವು ನಿದ್ದೆ ಹೋದದ್ದಕ್ಕಲ್ಲ. ದಣಿದವರು ನಿದ್ದೆ ಹೋಗುತ್ತಾರೆ. ನನಗೆ ಸಂತೋಷವಾಗಿರಲಿ ಎಂದು ಸುಮ್ಮನಿದ್ದಿರಲ್ಲ, ಅದಕ್ಕೆ. ಆ ಸಂತೋಷವನ್ನು ನಾನೊಬ್ಬಳೇ ಪಟ್ಟಂತಾಯಿತು. ಊರಿನವರೆಲ್ಲರಿಗೂ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಯರ್ರಪ್ಪನ ಮುಂದೆ, ಮರೆತಿದ್ದೆ ಎಂದು ಸುಳ್ಳು ಹೇಳಿದಾಗ ನನಗೆ ಮೊದಲ ಬಾರಿಗೆ ಬಹಳ ಸುಸ್ತಾಯಿತು.

ಒಂದು ಕೇಳುತ್ತೇನೆ. ದಾರಿಯಲ್ಲಿ ಸಿಗುವ ಡಿ. ಹಿರೇಹಾಳಿನ ಕಡೆಯಿಂದ ಜನ ದಿನಾ ಬಳ್ಳಾರಿಗೆ ಕೂಲಿಗೆ ಹೋಗಿ ಸಂಜೆ ಮನೆಗೆ ಬರುತ್ತಾರೆ. ರಾಯದುರ್ಗ ಅಲ್ಲಿಂದ ಇನ್ನಷ್ಟು ದೂರ, ನನಗೆ ಗೊತ್ತು. ಮೊದಲ ಬಸ್ಸು, ಕೊನೆಯ ಬಸ್ಸು, ನಿಂತುಕೊಂಡೇ ಬರಬೇಕು. ನಿಮ್ಮ ದಣಿವಿನ ಮೇಲೆ ಇನ್ನೊಂದು ದಣಿವು. ಆದ್ದರಿಂದ ಬನ್ನಿ ಎಂದು ನಾನು ಹೇಳುವುದಿಲ್ಲ. ಈ ತಿಂಗಳು ನೀವು ದಿನಾ ಮನೆಗೆ ಬಾರದೆ ಇದ್ದದ್ದು ನಾನು ಅಲ್ಲಿ ಇಲ್ಲದ್ದಕ್ಕೋ, ಬರಲಾಗದ್ದಕ್ಕೋ? ಅದನ್ನು ಮಾತ್ರ ಮುಚ್ಚಿಡದೆ ಹೇಳಿ. ಬರಲಾಗುವುದಿಲ್ಲ ಎಂದರೆ ಒಪ್ಪಿಕೊಳ್ಳುತ್ತೇನೆ. ಚೆನ್ನಾಗಿದ್ದೇವೆ ಎಂದರೆ ಒಪ್ಪುವುದಿಲ್ಲ.

ಭಾನುವಾರ ಅಪ್ಪನ ಜೊತೆ ಬರುತ್ತೇನೆ. ಕಂಪ್ಯೂಟರನ್ನೂ ತರುತ್ತೇನೆ.

ಮೌನಿಕಾ

*

ಬಳ್ಳಾರಿ
೨೪ ಜುಲೈ ೨೦೨೫, ಗುರುವಾರ

ಮೌನಿಕಾ,

ನಾಳೆ ಶ್ರಾವಣ. ನಾಳೆಯಿಂದ ಫೋನ್ ಮಾಡಬಹುದು. ಆದರೆ ಫೋನಿನಲ್ಲಿ ನೀನು ಕೇಳಿದರೆ ನಾನು ಮತ್ತೆ ಚೆನ್ನಾಗಿದ್ದೇವೆ ಎಂದುಬಿಡುತ್ತೇನೆ. ಅದಕ್ಕೆ ಇವತ್ತೇ ಬರೆಯುತ್ತಿದ್ದೇನೆ. ಯರ್ರಪ್ಪ ಇಂದು ಸಂಜೆ ಇಲ್ಲಿಗೆ ಬರುತ್ತಾನೆ, ನಾಳೆ ನಿನಗೆ ಕೊಡುತ್ತಾನೆ.

ಮೊದಲ ವಾರ ದಿನಾ ಹೋಗಿ ಬಂದು ನೋಡಿದ್ದೆ. ಅಜ್ಜಿ ಆಗಲೇ ಮಲಗಿರುತ್ತಿದ್ದಳು. ತಣ್ಣಗಾದದ್ದನ್ನು ಉಂಡು, ಕತ್ತಲಿರುವಾಗಲೇ ಎದ್ದು, ಮತ್ತೆ ಬಸ್ಸು. ಮನೆಗೆ ಹೋಗಿದ್ದೆ ಎಂದು ಅನಿಸುತ್ತಲೇ ಇರಲಿಲ್ಲ. ಜಂಬಯ್ಯ ಇಲ್ಲೇ ಇರು ಎಂದ, ಇದ್ದೆ. ಬರಲಾಗದೆ ಇರಲಿಲ್ಲ. ಯಾಕೆ ಬರಬೇಕು ಎಂದು ಗೊತ್ತಾಗುತ್ತಿರಲಿಲ್ಲ.

ನಿನ್ನೆ ಇಲ್ಲಿನ ಮಾಲೀಕನ ಹತ್ತಿರ ಮಾತಾಡಿದೆ. ದಿನಾ ಓಡಾಡುತ್ತೇನೆ, ಬಸ್ಸಿನ ಹೊತ್ತಿಗೆ ಬಿಡಬೇಕು ಎಂದೆ. ಗೊಣಗಿದ. ಒಂದು ತಿಂಗಳು ನೋಡೋಣ ಎಂದಿದ್ದಾನೆ. ಕಂಪ್ಯೂಟರ್ ಪ್ಲಾನಿನ ವಿಷಯ ಅವನಿಗೆ ಹೇಳಿಲ್ಲ. ಅದನ್ನು ಈಗಲೇ ನಂಬಿಕೊಳ್ಳುವುದು ಬೇಡ. ಮನೆಯಲ್ಲಿ ಮೊದಲು ಒಂದು ಪ್ಯಾಂಟಿನದ್ದು ಮಾಡಿ ನೋಡೋಣ, ಭಾನುವಾರ.

ದಿನಾ ಬರುತ್ತೇನೆ. ಆದರೆ ಬಂದವನು ಮೊದಲಿನ ಹಾಗೆ ಇರುವುದಿಲ್ಲ, ಅದನ್ನು ಈಗಲೇ ಹೇಳಿರುತ್ತೇನೆ. ನೀನು ಮಾತಾಡುತ್ತಿರುವಾಗಲೇ ನನಗೆ ನಿದ್ದೆ ಬಂದುಬಿಡುತ್ತದೆ. ನಾನು ಮಲಗಿದೆ ಎಂದು ನೀನು ನಿಲ್ಲಿಸಬೇಡ. ಮಾಡಬೇಕಾದ ಕೆಲಸ ಇದ್ದರೆ ಮೊದಲು ಹೇಳಿಬಿಡು. ಮಿಕ್ಕದ್ದನ್ನೆಲ್ಲ ಹೇಳುತ್ತಾ ಇರು.

ಓಬುಲೇಶ್